ಯಾವ ಡಿಸ್ಕು ಯಾರದ್ದು

…ಕೈ ತೆಗಿ! ಕೈ ತೆಗಿ ಅಂದೆ. ಆ ಸ್ಕ್ರೂಡ್ರೈವರ್ ಮೇಜಿನ ಮೇಲಿಡು. ಏನಂದ್ಕೊಂಡಿದೀಯ ಇದನ್ನ? ಊಟದ ಡಬ್ಬಿನಾ, ಮುಚ್ಚಳ ತೆಗೆದು ನಿನ್ನ ಪಾಲು ಎತ್ಕೊಂಡು ಹೋಗೋಕೆ? ನಮ್ಮ ಚಿತ್ರಗಳೆಲ್ಲ ಇರೋ ಸರ್ವರ್ ಕಣೇ ಇದು. ಓಡ್ತಾ ಇರೋ ಸರ್ವರ್! ಹಸಿರು ದೀಪ ಮಿಣಮಿಣ ಅಂತಿರೋದು ಕಾಣಿಸ್ತಿಲ್ವಾ?

ಯಾಕ್ ನಗ್ತೀಯ? ನಾನೇನು ತಮಾಷೆ ಮಾಡಿದ್ನಾ?

ನಗು, ನಗು. ಒಡಹುಟ್ಟಿದ ಅಕ್ಕನ ಹತ್ರ ‘ನನ್ನ ಡಿಸ್ಕು ನನಗೆ ಕೊಡು’ ಅಂತ ಕೇಳೋಕೆ ಬಂದಿದೀಯ. ಅದೂ ಬಟ್ಟೆ ಚೀಲ ಹಿಡ್ಕೊಂಡು, ತರಕಾರಿ ತರೋಕೆ ಹೊರಟವಳ ಹಾಗೆ. ಒಂದು ಫೋನಾದ್ರೂ ಮಾಡಬಾರದಿತ್ತಾ? ಅಕ್ಕಾ ಬರ್ತಿದೀನಿ ಅಂತ? ಓ… ಫೋನ್ ಮಾಡಿದ್ರೆ ನಾನು ಬಾಗಿಲು ಹಾಕ್ಕೊಂಡು ಹೋಗಿಬಿಡ್ತೀನಿ ಅಂತಾನಾ? ಭೇಷ್. ನನ್ನನ್ನ ಚೆನ್ನಾಗೇ ಅರ್ಥ ಮಾಡ್ಕೊಂಡಿದೀಯ.

ನಿನ್ನ ಡಿಸ್ಕಂತೆ, ನಿನ್ನ ಡಿಸ್ಕು! ಬಾ, ಬಗ್ಗು, ತೋರಿಸು. ನಾಲ್ಕಿವೆ, ಒಂದರ ಮೇಲೊಂದು. ಯಾವುದು ನಿನ್ನದು? ಹಾಂ? ಎಲ್ಲಾ ಅವಳಿ ಜವಳಿ ಥರ ಇದಾವೆ ಅಲ್ವಾ? ಅದಕ್ಕೇ ಹೇಳೋದು, ತಿಳೀದ ಕಡೆ ಕೈ ಹಾಕಬಾರದು ಅಂತ. ಕ್ಯಾಮೆರಾ ಹಿಡಿಯೋಕೆ ಬಂದ ಮಾತ್ರಕ್ಕೆ ಸರ್ವರ್ ಬಿಚ್ಚೋಕೆ ಬರಲ್ಲ.

ಕೂತ್ಕೋ. ಕೂತ್ಕೊಂಡು ಕೇಳು. …ನಿಂತೇ ಇರ್ತೀಯಾ? ನಿಲ್ಲು. ನಿನ್ನ ಕಾಲು, ನಿನ್ನ ನೋವು.

ಈಗ ಇಲ್ಲಿ ನಿನ್ನ ಡಿಸ್ಕು ನನ್ನ ಡಿಸ್ಕು ಅಂತ ಯಾವುದೂ ಇಲ್ಲ. ಪೂಲ್ ಮಾಡಿದೀನಿ, ಪೂಲ್. ಮೊದಲು ಹೇಗಿತ್ತು ನೆನಪಿದೆಯಾ? ಒಂದೊಂದು ಡಿಸ್ಕೂ ಒಂದೊಂದು ಕೊಡ. ಒಂದು ತುಂಬಿ ತುಳುಕ್ತಿತ್ತು, ಇನ್ನೊಂದು ಖಾಲಿ ಕೂತಿರ್ತಿತ್ತು. ‘ಅಕ್ಕಾ ಜಾಗ ಇಲ್ಲ, ಅಕ್ಕಾ ಜಾಗ ಮಾಡಿಕೊಡು’ ಅಂತ ನೀನು ಒಂದೇ ಸಮ ಕೂಗ್ತಿದ್ದೆ. ನಾನು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಸುರೀತಾ ಕೂತಿರ್ತಿದ್ದೆ. ಅದಕ್ಕೇ ಎಲ್ಲಾ ಸೇರಿಸಿ ಒಂದೇ ತೊಟ್ಟಿ ಮಾಡಿದೆ. ಮೊದಲು ಒಂದೊಂದು ಡಿಸ್ಕಿಗೂ ‘ನೀನು ಇನ್ನು ಪೂಲಿಗೆ ಸೇರಿದ್ದು’ ಅಂತ ಮುದ್ರೆ ಒತ್ತಬೇಕು. ಆಮೇಲೆ ಮುದ್ರೆ ಬಿದ್ದವನ್ನೆಲ್ಲ ಒಂದು ಗುಂಪು ಕಟ್ಟಬೇಕು. ಆ ಗುಂಪಿನಿಂದ ಎಷ್ಟು ಬೇಕೋ ಅಷ್ಟು ದೊಡ್ಡ ಜಾಗ ಕತ್ತರಿಸಿ ಒಂದು ಫೋಲ್ಡರಿಗೆ ಕೂಡಿಸಬೇಕು. ಅಷ್ಟೇ. ಹೊರಗಿಂದ ನೋಡೋರಿಗೆ ಒಂದೇ ದೊಡ್ಡ ಡಿಸ್ಕು. ಒಳಗೆ ಮಾತ್ರ ಎಲ್ಲದರ ಮೇಲೂ ಹಂಚಿಕೊಂಡು ಬರೆಯುತ್ತೆ. ನಿನ್ನ ಚಿತ್ರದ ಒಂದು ಚೂರು ಇದರಲ್ಲಿ, ಪಕ್ಕದ ಚೂರು ಅದರಲ್ಲಿ. ನಾನೇ ಹಾಗೆ ಮಾಡಿದ್ದು, ಬೇಗ ಓಡಲಿ ಅಂತ.

ಹೂಂ, ಈಗ ಎಳಿ. ಒಂದು ಎಳೆದ್ರೆ ಉಳಿದದ್ದೂ ಸತ್ತಂತೆ. ನಿನ್ನ ಚೀಲದಲ್ಲಿ ಚೂರು, ನನ್ನ ಡಬ್ಬದಲ್ಲಿ ಚೂರು. ಹಾಲಿಗೆ ನೀರು ಬೆರೆಸಿ ಆದಮೇಲೆ ‘ನನ್ನ ನೀರು ವಾಪಸ್ ಕೊಡು’ ಅಂದ್ರೆ ಯಾರ ಕೈಲಿ ಕೊಡೋಕಾಗುತ್ತೆ?

ಏನು ಹುಡುಕ್ತಿದೀಯ ಚೀಲದಲ್ಲಿ?

…ಓ.

ಹೊಸ ಡಿಸ್ಕು ತಂದಿದೀಯ. ಇಷ್ಟು ದೊಡ್ಡದು! ಕಾಪಿ ಮಾಡ್ಕೊಂಡು ಹೋಗೋಣ ಅಂತ. ಸರಿ ಸರಿ. ಇದು ನಿನ್ನ ತಲೆಯಲ್ಲಿ ಹುಟ್ಟಿದ್ದಲ್ಲ, ಆ ಕೂಲಿಂಗ್ ಗ್ಲಾಸಿನವನು ಹೇಳಿಕೊಟ್ಟಿದ್ದು. ದೊಡ್ಡ ನಿರ್ಮಾಪಕ! ಮನೆಯೊಳಗೂ ಕಪ್ಪು ಕನ್ನಡಕ ತೆಗೆಯಲ್ಲ. ಇಲ್ಲಿ ಬಂದಾಗ ಹೊಸಿಲು ಕಾಣದೆ ಎಡವಿದನಲ್ಲ, ಅವನೇ ನಿನಗೆ ದಾರಿ ತೋರಿಸೋನು.

ಇವತ್ತು ಆಗಲ್ಲ. ಯಾಕಂದ್ರೆ… ಆಸ್ಪತ್ರೆಯವರ ತರಬೇತಿ ವಿಡಿಯೋ ಓಡ್ತಾ ಇದೆ. ನರ್ಸುಗಳಿಗೆ ಪಟ್ಟಿ ಕಟ್ಟೋದು ಹೇಗೆ ಅಂತ. ಅದರ ಜೊತೆ ಕಾಪಿ ಹಾಕಿದ್ರೆ ಮೆಷಿನ್ ನಿಂತುಬಿಡುತ್ತೆ. ನಾಳೆ ಬಾ. ನಾಳೆನೂ ಬೇಡ. ನಾನೇ ಹೇಳಿ ಕಳಿಸ್ತೀನಿ.

ಯಾಕೆ, ನಂಬಿಕೆ ಇಲ್ವಾ?

ನೋಡು, ಬಾಯಿ ಬಿಡಿಸಬೇಡ ನನ್ನ. ಈ ಸ್ಟುಡಿಯೋ ಶುರು ಮಾಡಿದಾಗ ಏನಿತ್ತು ಇಲ್ಲಿ? ಕೆಳಗೆ ಟೈರ್ ಅಂಗಡಿ, ಮೇಲೆ ಈ ರೂಮು. ಕಂಪ್ರೆಸರ್ ಸದ್ದಿಗೆ ನಮ್ಮ ಮಾತು ನಮಗೇ ಕೇಳಿಸ್ತಿರಲಿಲ್ಲ. ಗೋಡೆಗೆಲ್ಲ ಸ್ಪಂಜು ಹೊಡೆದಿದ್ದು ನಾನು. ಕೈಯೆಲ್ಲ ಅಂಟು ಮೆತ್ತಿಕೊಂಡು, ಊಟ ಕಲಸೋಕೆ ಆಗದೆ, ಅಮ್ಮ ಬಂದು ಬಾಯಿಗಿಟ್ಟಳು. ಆಗ ನೀನು ಎಲ್ಲಿದ್ದೆ? ಆ ಕಿಟಕಿ ಹತ್ರ ನಿಂತು ಬೆಳಕು ನೋಡ್ತಿದ್ದೆ. ‘ಅಕ್ಕಾ, ಬೆಳಕು ಎಷ್ಟು ಚೆನ್ನಾಗಿದೆ ನೋಡು!’ ನೀನು ಬೆಳಕು ನೋಡೋಳು, ನಾನು ಸ್ಪಂಜು ಅಂಟಿಸೋಳು. ಆವತ್ತಿಂದ ಅದೇ ಲೆಕ್ಕ ನಡ್ಕೊಂಡು ಬಂತು.

ದೋಣಿ ಚಿತ್ರ ನಿನ್ನದಂತೆ. ಯಾರು ಇಲ್ಲ ಅಂದ್ರು? ಹೊಳೆಗೆ ಸೇತುವೆ ಆದ್ರೆ ದೋಣಿ ನಿಂತುಹೋಗುತ್ತೆ, ಅದಕ್ಕೆ ಮುಂಚೆ ದೋಣಿಯಜ್ಜನ ಚಿತ್ರ ತೆಗೀಬೇಕು ಅಂತ ಹೊಳೆದಿದ್ದು ನಿನಗೇ. ಒಪ್ಪಿದೆ. ಆದ್ರೆ ಸೊಂಟದ ಮಟ್ಟ ನೀರಲ್ಲಿ ಮೈಕು ಎತ್ತಿ ಹಿಡ್ಕೊಂಡು ನಿಂತಿದ್ದು ಯಾರು? ಜ್ವರ ಬಂದು ಮಲಗಿದ್ದು ಯಾರು? ಮುದುಕ ಈ ದಡದಿಂದ ಕೂಗ್ತಿದ್ದ, ಆ ದಡದಿಂದ ಅವನ ಹೆಂಡತಿ, ಆ ಅಜ್ಜಿ, ತಿರುಗಿ ಕೂಗ್ತಿದ್ದಳು… ಆ ಎರಡು ಕೂಗು ನೀರಿನ ಮೇಲೆ ಎದುರುಬದುರು ಬಂದು ಒಂದಾಗೋದು, ಅದನ್ನ ಹಿಡಿದದ್ದು ಯಾರು? ನಿನ್ನ ಕ್ಯಾಮೆರಾನಾ? ಕ್ಯಾಮೆರಾಕ್ಕೆ ಕಿವಿ ಇರುತ್ತೇನೇ?

ಕೂಲಿಂಗ್ ಗ್ಲಾಸು ಏನಂದ? ಶಬ್ದವೆಲ್ಲ ಅವನ ಸ್ಟುಡಿಯೋದಲ್ಲಿ ಹೊಸದಾಗಿ ಮಾಡ್ಕೋತಾನಂತೆ. ಬಕೆಟ್ಟಲ್ಲಿ ಕೈ ಆಡಿಸಿ ಹೊಳೆ ಮಾಡ್ತಾನೇನೋ!

ಹುಬ್ಬು ಏರಿಸಬೇಡ. ನನಗೆ ಹೇಗೆ ಗೊತ್ತಾಯ್ತು ಅಂತಾನಾ? ಮೆಟ್ಟಿಲ ಮೇಲೆ ನಿಂತು ಫೋನಲ್ಲಿ ಮಾತಾಡಿದ್ದು ನೀನೇ ತಾನೆ? ಕಿಟಕಿ ತೆಗೆದಿತ್ತು. ಅವನು ಕೇಳಿರಬೇಕು, ನಿಮ್ಮ ಅಕ್ಕ ಒಪ್ತಾರಾ ಅಂತ. ನೀನು ಅಂದೆ, ‘ಅಕ್ಕಂದೇನಿಲ್ಲ, ಅವಳು ಮೆಷಿನ್ ನೋಡ್ಕೋತಾಳೆ ಅಷ್ಟೇ.’

ಅಷ್ಟೇ.

ಏನು, ಮರೆತುಹೋಯ್ತಾ? ಅಲ್ಲಾ, ಮಾತು ಸುಮ್ಮನೆ ಬಾಯಿಗೆ ಬಂದಿದ್ದು ಅಂತೀಯಾ? ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಕಣೇ. ಆಮೇಲೆ ನೀನು ಒಳಗೆ ಬಂದು, ಏನೂ ಆಗಿಲ್ಲದ ಹಾಗೆ, ‘ಅಕ್ಕಾ ಟೀ ಕುಡೀತೀಯಾ’ ಅಂದೆ. ನಾನು ಕುಡಿದೆ. ಅದೇ ನನಗೆ ಹೇಸಿಗೆ. ಕುಡಿದೆನಲ್ಲ ಅಂತ.

ಬೇಡ. ದೋಣಿಯಜ್ಜಿ ಹೆಸರು ತೆಗೀಬೇಡ. ತೆಗೀಬೇಡ ಅಂದೆ!

…ಕೂಗ್ತಿಲ್ಲ ನಾನು. ಕೆಳಗಿನ ಕಂಪ್ರೆಸರ್ ಸದ್ದಿಗೆ ಜೋರಾಗಿ ಹೇಳಿದೆ ಅಷ್ಟೇ. ಏನು, ನಿಂತಿದೆಯಾ ಕಂಪ್ರೆಸರ್? ಇರಲಿ ಬಿಡು.

ಗೊತ್ತು ನನಗೆ. ಅಜ್ಜ ಹೋದಮೇಲೆ ನೀನು ಹೋಗಿ ಅವಳ ಕೈ ಹಿಡ್ಕೊಂಡು ಮಾತು ಕೊಟ್ಟು ಬಂದೆ. ಅಜ್ಜೀ, ಅವರ ದನಿ ನಮ್ಮ ಹತ್ರ ಇದೆ, ಕೇಳಿಸ್ತೀವಿ ಅಂತ. ಮಾತು ಕೊಡೋಕೆ ಮುಂಚೆ ನನ್ನ ಕೇಳಿದ್ಯಾ? ಯಾವಾಗಲೂ ಹಾಗೇ. ಮಾತು ಕೊಡೋದು ನೀನು, ಹೆಣಗೋದು ನಾನು. ಏನಂತೆ? …ನಿನ್ನೆ ಫೋನ್ ಮಾಡಿದ್ಲಾ? ಅಜ್ಜಿಯೇ? ಏನಂದ್ಲು?

…ಇನ್ನೂ ಸಂಜೆ ದಡಕ್ಕೆ ಹೋಗಿ ಕೂರ್ತಾಳಂತಾ.

ಕೂರಲಿ. ವಯಸ್ಸಾದವರಿಗೆ ಗಾಳಿ ಒಳ್ಳೇದು.

ಏ! ಏನು ಮಾಡ್ತಿದೀಯ? ಕೀಬೋರ್ಡ್ ಬಿಡು. ನನ್ನ ಕುರ್ಚಿ ಅದು, ಏಳು! ಪಾಸ್‌ವರ್ಡ್ ಗೊತ್ತಾಗಲ್ಲ ನಿನಗೆ, ಬದಲಾಯಿಸಿದೀನಿ. ಹುಡುಕು ಹುಡುಕು. ಅಮ್ಮನ ಹೆಸರು ಹಾಕಿ ನೋಡ್ತೀಯಾ? ಅಷ್ಟು ದಡ್ಡಿ ಅಲ್ಲ ನಾನು.

…

ಹೇಗೆ ತೆಗೆದೆ?

ನಿನ್ನ ಹೆಸರಾ? ಹೌದು… ನಿನ್ನ ಹೆಸರೇ. ಮನೆಯಲ್ಲಿ ಕರೆಯೋ ಹೆಸರು. ಗುಬ್ಬಿ. ಅದಕ್ಕೇನೀಗ? ಟೈಪ್ ಮಾಡೋಕೆ ಸುಲಭ ಅಂತ ಇಟ್ಟೆ. ದೊಡ್ಡ ಅರ್ಥ ಕಟ್ಟಬೇಡ ಅದಕ್ಕೆ.

ಗುಬ್ಬೀ, ಏಳು. ನಾನು ತೆಗೆದುಕೊಡ್ತೀನಿ. ನಾನೇ ಕಾಪಿ ಹಾಕ್ತೀನಿ, ಆಣೆ. ಸಂಜೆ ಬಾ. ನೀನು ಕೆಳಗೆ ಹೋಗಿ ಟೀ ಕುಡಿದು ಬಾ, ಅಷ್ಟರಲ್ಲಿ… ಆ ಫೋಲ್ಡರ್ ಅಲ್ಲ. ಅಲ್ಲೇನೂ ಇಲ್ಲ, ಅದು ಆಸ್ಪತ್ರೆಯವರದ್ದು. ಅದೂ ಆಸ್ಪತ್ರೆಯವರದ್ದೇ. ಕೆಳಗೆ ಹೋಗಬೇಡ, ಕೆಳಗೆ… ಅದು ಕಾಲೇಜಿನವರ ನಾಟಕ.

ಮತ್ತೆ ಮೇಲಿಂದ ಶುರು ಮಾಡ್ತೀಯಾ? ಎಷ್ಟು ಸಲ ನೋಡಿದ್ರೂ ಅಷ್ಟೇ ಇರೋದು.

…

ಹೌದು. ಇಲ್ಲ.

ಅಷ್ಟೇ ಇರೋದು ಅಂದೆನಲ್ಲ. ಇಲ್ಲ. ದೋಣಿ ಇಲ್ಲ.

ಹಾಗೆ ನೋಡಬೇಡ, ಹೇಳ್ತೀನಿ. ಹೇಳೋಣ ಅಂತಲೇ ಇದ್ದೆ. ನೀನು ಬಂದಿದ್ದೇ ಬಂದಿದ್ದು ಸ್ಕ್ರೂಡ್ರೈವರ್ ಹಿಡ್ಕೊಂಡು ಮೇಲೆ ಬಿದ್ದೆ, ಎಲ್ಲಿ ಹೇಳಲಿ? ಕೇಳು. ಹಳೇ ಡಿಸ್ಕು ಟಿಕ್ ಟಿಕ್ ಅನ್ನೋಕೆ ಶುರುವಾಗಿ ಕೆಟ್ಟುಹೋಯ್ತು ನೆನಪಿದೆಯಾ? ದೋಣಿಯ ಇನ್ನೊಂದು ಕಾಪಿ ಇದ್ದಿದ್ದು ಅದರಲ್ಲೇ. ಕ್ಯಾಮೆರಾ ಕಾರ್ಡುಗಳನ್ನ ನೀನೇ ಅಳಿಸಿ ಕಾಲೇಜಿನ ನಾಟಕ ತೆಗೆದೆ. ಉಳಿದಿದ್ದು ಒಂದೇ ಕಾಪಿ, ಒಂದೇ ಡಿಸ್ಕಲ್ಲಿ. ಅದಕ್ಕೇ ಹೊಸ ಮೂರು ತರಿಸಿದ್ದು. ಹೊಸ ಮೂರನ್ನೂ ಸೇರಿಸಿ ಪೂಲ್ ಮಾಡೋದು, ದೋಣಿ ಡಿಸ್ಕನ್ನ ಮುಟ್ಟದೆ ಪಕ್ಕದಲ್ಲಿಟ್ಟಿರೋದು, ಪೂಲ್ ಆದಮೇಲೆ ಚಿತ್ರವನ್ನ ಅದರೊಳಗೆ ಸುರಿಯೋದು. ಹಾಗಂತ ತಾನೆ ನಿನಗೂ ಹೇಳಿದ್ದು? ಚಿತ್ರ ಉಳಿಸೋಕೆ ಅಂತಲೇ ನಾನು ಈ ಕೆಲಸಕ್ಕೆ ಕೈ ಹಾಕಿದ್ದು. ಅದನ್ನ ಮರೀಬೇಡ.

ಈ ಮೆಷಿನ್ ಡಿಸ್ಕುಗಳಿಗೆ ತಾನೇ ಹೆಸರಿಡುತ್ತೆ. ಎ, ಬಿ, ಸಿ, ಡಿ ಅಂತ. ಯಾವುದು ಮೊದಲು ಕಣ್ಣಿಗೆ ಬಿತ್ತೋ ಅದಕ್ಕೆ ಎ. ಆಫ್ ಮಾಡಿ ಆನ್ ಮಾಡಿದ್ರೆ ಸರದಿ ಬದಲಾದರೂ ಬದಲಾಗಬಹುದು. ಬೆಳಿಗ್ಗೆ ದೋಣಿ ಡಿ ಆಗಿತ್ತು. ಮಧ್ಯೆ ಒಂದು ಸಲ ಮೆಷಿನ್ ಆಫ್ ಮಾಡಿದೆ. ಮತ್ತೆ ಆನ್ ಮಾಡಿದಾಗ ಹೆಸರು ಅದಲುಬದಲು. ದೋಣಿ ಬಿ ಆಗಿಬಿಟ್ಟಿದೆ, ಹೊಸದೊಂದು ಡಿ ಆಗಿದೆ. ನಾನು ಎ, ಬಿ, ಸಿ ಮೂರಕ್ಕೂ ಮುದ್ರೆ ಒತ್ತಿದೆ. ಮುದ್ರೆ ಬಿದ್ದ ಮೇಲೆ ಒಳಗಿದ್ದದ್ದು ಹೋದಹಾಗೇ.

ಎಂಥೆಂಥವರ ಕೈಯಲ್ಲೂ ಆಗುತ್ತೆ ಇದು. ಇಂಟರ್ನೆಟ್ಟಲ್ಲಿ ಹತ್ತಾರು ಜನ ಬರ್ಕೊಂಡು ಅತ್ತಿದಾರೆ. ಬೇಕಾದ್ರೆ ತೋರಿಸ್ತೀನಿ, ಓದು.

ಅಳಿಸಿಹೋದದ್ದನ್ನ ವಾಪಸ್ ತೆಗೆದುಕೊಡ್ತಾನಲ್ಲ, ಆ ರಿಕವರಿ ಮಾಡೋನ ಹತ್ರ ಕೇಳಿದೆ. ಕೇಳದೇ ಇರ್ತೀನಾ? ಅವನು ಅಂದ, ಆ ಕ್ಷಣವೇ ಆಫ್ ಮಾಡಿ ತಂದಿದ್ರೆ ಅಷ್ಟೋ ಇಷ್ಟೋ ಸಿಗ್ತಿತ್ತು ಅಂತ. ಈಗ ಅದರ ಮೇಲೆ ನರ್ಸುಗಳ ಪಟ್ಟಿ, ಕಾಲೇಜಿನ ನಾಟಕ, ಎಲ್ಲಾ ಬರೆದಾಗಿದೆ. ಮೂರೂ ಡಿಸ್ಕಿನ ಮೇಲೆ ಹಂಚಿ. ನಾನು… ನನಗೆ ಆವಾಗ ಗೊತ್ತಾಗಲಿಲ್ಲ. ಆಮೇಲೆ ಚಿತ್ರ ಸುರಿಯೋಣ ಅಂತ ಹುಡುಕಿದಾಗಲೇ ಗೊತ್ತಾಗಿದ್ದು.

ಇಷ್ಟೇ ನಡೆದದ್ದು. ಬೈಯೋದಿದ್ರೆ ಬೈ.

ಬೈ ಅಂದೆ.

ಏನಾದ್ರೂ ಅನ್ನೇ! ಅಷ್ಟು ಕೂಗಾಡಿದೆ ನಾನು, ಒಂದು ಮಾತಿಗಾದ್ರೂ ತಿರುಗಿ ಮಾತು ಬೇಡವಾ? ಕೈ ಎತ್ತು ಬೇಕಾದ್ರೆ. ಚಿಕ್ಕವಳಿದ್ದಾಗ ನಿನ್ನ ಬಣ್ಣದ ಡಬ್ಬಿ ಬೀಳಿಸಿದ್ದಕ್ಕೆ ನನ್ನ ಕೈ ಕಚ್ಚಿದ್ದೆ. ಈಗ ಏನಾಯ್ತು ಹಲ್ಲಿಗೆ?

…ನನ್ನ ಮುಖದಲ್ಲಿ ಏನು ಹುಡುಕ್ತಿದೀಯ?

ಹೆಸರು ಬದಲಾಯ್ತು ಅಂದೆನಲ್ಲ. ಆಗುತ್ತೆ. ಯಾರಿಗಾದ್ರೂ ಆಗುತ್ತೆ. ನಿನ್ನಂಥವಳಿಗೆ ಆಗಿದ್ರೆ ನಾನು ಆಶ್ಚರ್ಯ ಪಡ್ತಿರಲಿಲ್ಲ.

ನನಗೆ ಆಗಲ್ಲ ಅಂತೀಯಾ?

ಬಾಯಿಬಿಟ್ಟು ಅನ್ನಲಿಲ್ಲ, ಕಂಡೆ. ಕಣ್ಣಲ್ಲಿ ಅಂತಿದೀಯ. ಹೌದು, ಬೀಗ ಹಾಕಿ ಎಳೆದು ನೋಡೋಳು ನಾನೇ. ಬಸ್ ಸ್ಟಾಪಿಗೆ ಹೋದಮೇಲೂ ವಾಪಸ್ ಬಂದು ಮತ್ತೊಂದು ಸಲ ಎಳೆದು ನೋಡೋಳೂ ನಾನೇ. ನೀನು ಎಷ್ಟು ಆಡ್ಕೊಂಡು ನಕ್ಕಿದೀಯ ಅದಕ್ಕೆ! ಗ್ಯಾಸ್ ಆರಿಸಿದ್ಯಾ ಅಂತ ಅಮ್ಮನ್ನ ಮದುವೆಮನೆಯಿಂದ ಎಬ್ಬಿಸಿಕೊಂಡು ಬಂದೋಳೂ ನಾನೇ. ಅದಕ್ಕೂ ಇದಕ್ಕೂ ಏನು ಸಂಬಂಧ? ಅಷ್ಟು ನೋಡೋಳಿಗೂ ಒಂದು ಸಲ ಕಣ್ಣು ತಪ್ಪಬಾರದಾ?

ಮುದ್ರೆ ಒತ್ತೋ ಮುಂಚೆ ಡಿಸ್ಕುಗಳನ್ನೆಲ್ಲ ಸಾಲಾಗಿ ತೆರೆ ಮೇಲೆ ತರಿಸಿ ನೋಡ್ತೀನಿ, ನಿಜ. ಯಾವುದರಲ್ಲಿ ಏನಿದೆ ಅಂತ. ಯಾವಾಗಲೂ ನೋಡ್ತೀನಿ. ಅವತ್ತು…

ಅವತ್ತು ತಲೆ ಸರಿ ಇರಲಿಲ್ಲ. ಮಧ್ಯೆ ಮೆಷಿನ್ ಆಫ್ ಮಾಡಿದ್ದು ಯಾಕೆ ಅಂದ್ಕೊಂಡೆ? ಫ್ಯಾನ್ ಸದ್ದು ನಿಂತ್ರೆ ಮೆಟ್ಟಿಲ ಮೇಲಿನ ಮಾತು ಸರಿಯಾಗಿ ಕೇಳಿಸುತ್ತೆ ಅಂತ. ನೀನು ಅವನ ಜೊತೆ ಮಾತಾಡ್ತಿದ್ದೆ.

ಹೂಂ. ಅದೇ ದಿನ. ಈಗ ಗೊತ್ತಾಯ್ತಾ? ಅದೇ ಮಧ್ಯಾಹ್ನ. ನೀನು ಟೀ ಕೊಟ್ಟೆ, ನಾನು ಕುಡಿದೆ, ನೀನು ನಗ್ತಾ ನಗ್ತಾ ಮೆಟ್ಟಿಲಿಳಿದು ಹೋದೆ. ನಾನು ಮೆಷಿನ್ ಆನ್ ಮಾಡಿದೆ. ಮೆಷಿನ್ ನೋಡ್ಕೊಳ್ಳೋಳು ತಾನೆ, ಮೆಷಿನ್ ನೋಡ್ಕೊಂಡೆ. ತಪ್ಪಾ?

ಏಯ್, ಮಾತಾಡು. ಹೀಗೆ ಸುಮ್ಮನೆ ಕೂರಬೇಡ ಗುಬ್ಬಿ. ಬೇಕಾದ್ರೆ ಕೂಲಿಂಗ್ ಗ್ಲಾಸಿಗೆ ಫೋನ್ ಮಾಡಿ ಹೇಳು, ನಮ್ಮ ಅಕ್ಕ ಹಾಳು ಮಾಡಿದಳು ಅಂತ. ಅಜ್ಜಿಗೂ ಹೇಳು. ನಾನೇ ಬೇಕಾದ್ರೆ ಬಂದು ಹೇಳ್ತೀನಿ, ಅಜ್ಜೀ, ಮೆಷಿನ್ ಹೆಸರು ತಪ್ಪಿಸಿತು ಅಂತ. ಎಷ್ಟು ಜನಕ್ಕೆ ಬೇಕಾದ್ರೂ ಹೇಳ್ತೀನಿ. ನೀನು ಮಾತ್ರ ಹಾಗೆ… ಎಲ್ಲಾ ತಿಳಿದವಳ ಹಾಗೆ…

ನೋಡಿದೆ.

ನೋಡದೆ ಏನು? ಕೈ ತಾನಾಗೇ ನೋಡುತ್ತೆ, ಅಭ್ಯಾಸ. ತೆರೆ ಮೇಲೆ ಸಾಲಾಗಿ ಬಂತು. ಎ ಖಾಲಿ, ಸಿ ಖಾಲಿ, ಡಿ ಖಾಲಿ. ಬಿ ಮುಂದೆ ಮಾತ್ರ ‘ದೋಣಿ’ ಅಂತ ಇತ್ತು. ಆ ಹೆಸರಿಟ್ಟಿದ್ದು ನಾನೇ. ಹೆಸರು ಅದಲುಬದಲಾಗಿದೆ ಅಂತ ಆಗಲೇ ಗೊತ್ತಾಯ್ತು.

ಮೆಷಿನ್ ಕೂಡ ಸುಮ್ಮನೆ ಒಪ್ಪಲಿಲ್ಲ. ಬಿ ಅಂತ ಕೊಟ್ಟ ತಕ್ಷಣ ನಿಂತಿತು. ಇದರಲ್ಲಿ ಮೊದಲೇ ಏನೋ ಇದೆ, ಅಳಿಸಲಾ ಬೇಡವಾ ಅಂತ ಕೇಳ್ತು. ಕಾಯ್ತಾ ಕೂತಿತ್ತು. ಎಷ್ಟು ಹೊತ್ತು ಬೇಕಾದ್ರೂ ಕಾಯುತ್ತೆ ಅದು, ಯಾರೂ ಅವಸರ ಮಾಡಲ್ಲ. ಕೆಳಗೆ ಯಾರೋ ಟೈರು ಉರುಳಿಸ್ಕೊಂಡು ಹೋದರು. ನಿನ್ನ ಟೀ ಲೋಟ ಇನ್ನೂ ಇಲ್ಲೇ ಇತ್ತು…

ಓದಿದೆ ಕಣೇ. ಓದಿಯೇ ಒತ್ತಿದೆ.